ಕೈಕಸುಬಿನ ಮಾಲಿಗೆ ಬೆಲೆ ಕಟ್ಟುವ ಬಗೆ

(ಬೇಸಿಗೆಯ ಬಿಡುವಿನಲ್ಲಿ ಸೇರಿದ್ದ ರೈತ ಕುಟುಂಬಗಳ ಸಭೆಯಲ್ಲಿ ಒಬ್ಬ ರೈತ ಮಹಿಳೆ ಮಾಡಿದ ಭಾಷಣ)



ಸುಗ್ಗಿ ಮುಗಿದಿದೆ. ಕಣದ ಕೆಲಸವೂ ತೀರಿದೆ. ಮುಂಗಾರು ಹನಿಯುವ ತನಕ ಹೊಲದಲ್ಲಿ ಹೆಚ್ಚು ಕೆಲಸವಿಲ್ಲ. ಆದರೆ ಮನೆಯ ಹೆಣ್ಣುಮಕ್ಕಳ ಕೈಗೆ ಬಿಡುವೆಂಬುದಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಜೋಡಿಸಿ, ಕೌದಿ ಹೊಲಿಯಲು ಕೂಡುವ ಕಾಲ ಇದೇ ಆಗಿದೆ. ಆದ್ದರಿಂದ ಇವತ್ತು ಕೌದಿಯ ವಿಷಯವಾಗಿಯೇ ನಾಲ್ಕು ಮಾತು ಹೇಳಲು ನಿಂತಿದ್ದೇನೆ. ಬುಟ್ಟಿ ಹೆಣೆಯುವವರಿಗೂ, ಕಂಬಳಿ ನೇಯುವವರಿಗೂ, ಮಡಕೆ ಮಾಡುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಕೌದಿಯನ್ನು ನಾವು ಮನೆಗೆಂದೇ ಹೊಲಿಯುತ್ತ ಬಂದವರು. ಬಾಣಂತಿಗೆ ಹಾಸಲು, ಕೂಸಿಗೆ ಹೊದಿಸಲು, ಬೀಗರು ಬಂದಾಗ ಮಡಿಕೆ ಬಿಚ್ಚಲು ಅದು ಬೇಕು. ಈಗ ಪಟ್ಟಣದ ಜನ ಅದನ್ನು ಹಣ ಕೊಟ್ಟು ಕೊಳ್ಳುತ್ತಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು ಅಮೆರಿಕದ ಪ್ರದರ್ಶನಗಳನ್ನೂ ಕಂಡಿವೆ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ಕಸೂತಿ ತುಂಡುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಇಂಥ ಸುದ್ದಿ ಕೇಳಿದಾಗ ನಮಗೂ ಹುರುಪು ಬರುತ್ತದೆ, ಬರಲೂ ಬೇಕು. ಆದರೆ ಮಾಲು ತಯಾರಿಸುವುದು ಒಂದು ವಿದ್ಯೆ, ಅದನ್ನು ಬಯಲಿನ ಮೇಳದಲ್ಲಿ ಕೂತು ಮಾರುವುದು ಇನ್ನೊಂದು ವಿದ್ಯೆ. ಎರಡನೆಯದನ್ನು ನಾನು ಪೆಟ್ಟು ತಿಂದು ಕಲಿತೆ.

ಕೆಲವು ವರ್ಷಗಳ ಹಿಂದೆ ನಮ್ಮ ಅತ್ತೆಯವರು ಹೊಲಿದ ಆರು ಕೌದಿಗಳನ್ನು ಗಂಟು ಕಟ್ಟಿಕೊಂಡು ಪಟ್ಟಣದ ಒಂದು ಕರಕುಶಲ ಮೇಳಕ್ಕೆ ಹೋದೆ. ಮೂರು ದಿನದ ಮೇಳ ಅದು. ಬೆಲೆ ಕೇಳಿದವರಿಗೆ ಏನು ಹೇಳಬೇಕೆಂಬುದೇ ನನಗೆ ತಿಳಿದಿರಲಿಲ್ಲ. ಒಬ್ಬರು ಕೌದಿಯನ್ನು ಮುಟ್ಟಿ ನೋಡಿ, ‘ಹಳೇ ಸೀರೆಯದಲ್ಲವೇ?’ ಎಂದರು. ಆ ಮಾತಿಗೆ ಕುಗ್ಗಿಹೋಗಿ 900 ರೂಪಾಯಿ ಎಂದುಬಿಟ್ಟೆ. ಮೂರನೆಯ ದಿನದ ಸಂಜೆಗೆ ಆರೂ ಖರ್ಚಾದವು. ಕೈಯಲ್ಲಿ 5,400 ರೂಪಾಯಿ ಇತ್ತು. ಗೆದ್ದೆನೆಂದುಕೊಂಡು ಬಸ್ಸು ಹತ್ತಿದೆ.

ದಾರಿಯಲ್ಲಿ ಲೆಕ್ಕ ಹಾಕುತ್ತ ಬಂದಂತೆ ಆ ಗೆಲುವೆಲ್ಲ ಇಳಿದುಹೋಯಿತು. ಮನೆ ಸೇರಿದಾಗ ಅತ್ತೆಯವರು ಕೇಳಿದ್ದು ಒಂದೇ ಮಾತು: ‘ಏನವಾ, ಎಷ್ಟಕ್ಕ ಕೊಟ್ಟಿ?’ ‘ಚಲೋ ರೇಟಿಗೇ ಹೋದವು, ಅತ್ತಿ’ ಎಂದು ಸುಳ್ಳು ಹೇಳಿ ಒಳಗೆ ನಡೆದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಲೆಕ್ಕವನ್ನು ನಿಮ್ಮ ಮುಂದೆಯೂ ಇಡುತ್ತೇನೆ. ಬಸ್ಸಿನ ಚಾರ್ಜು, ಗಂಟಿನ ಲಗೇಜು, ಮಳಿಗೆಯ ಬಾಡಿಗೆ, ಮೂರು ದಿನದ ಊಟ ಸೇರಿ 3,000 ರೂಪಾಯಿ. ಅಂಚಿಗೂ ಅಡಿಗೂ ತಂದ ಹೊಸ ಬಟ್ಟೆ ಮತ್ತು ದಾರಕ್ಕೆ ಒಂದು ಕೌದಿಗೆ 500ರಂತೆ ಆರಕ್ಕೆ 3,000 ರೂಪಾಯಿ. ಒಟ್ಟು ಖರ್ಚು 6,000. ಬಂದದ್ದು 5,400. ಮಾಲೆಲ್ಲ ಖಾಲಿಯಾಗಿತ್ತು, ಆದರೂ 600 ರೂಪಾಯಿ ಕೈಬಿಟ್ಟಿತ್ತು.

ಇದರಲ್ಲಿ ಕೂಲಿಯ ಮಾತೇ ಬಂದಿಲ್ಲವೆಂಬುದನ್ನು ಗಮನಿಸಿರಿ. ಅತ್ತೆಯವರು ಒಂದು ಕೌದಿಗೆ ದಿನಕ್ಕೆ 4 ಗಂಟೆಯಂತೆ 20 ದಿನ ಕೂತಿದ್ದರು. ಅದು 80 ಗಂಟೆ, ಎಂದರೆ 10 ಪೂರ್ಣ ದಿನದ ಕೆಲಸ. ಆರು ಕೌದಿಗೆ 60 ದಿನ. ಕಳೆ ತೆಗೆಯುವ ಹೆಣ್ಣಾಳಿಗೆ ದಿನಕ್ಕೆ 300 ರೂಪಾಯಿ ಎಂದು ಹಿಡಿದರೂ 18,000 ರೂಪಾಯಿಯ ದುಡಿಮೆ ಆಯಿತು. ವಯಸ್ಸಾದ ಕಣ್ಣಿನ ಆ ದುಡಿಮೆಯನ್ನು ನಾನು ಪುಕ್ಕಟೆ ಕೊಟ್ಟು, ಮೇಲೆ 600 ರೂಪಾಯಿ ದಂಡವನ್ನೂ ತೆತ್ತು ಬಂದಿದ್ದೆ.

‘ಮನೆಯವರ ಕೆಲಸಕ್ಕೆ ಏನು ಕೂಲಿ?’ ಎಂದು ನೀವು ಕೇಳಬಹುದು. ಹೊಲದ ಲೆಕ್ಕದಲ್ಲಿಯೂ ನಾವು ಇದೇ ತಪ್ಪು ಮಾಡುತ್ತೇವೆ. ಬೀಜ, ಗೊಬ್ಬರ, ಆಳಿನ ಕೂಲಿ ಬರೆಯುತ್ತೇವೆ, ಮನೆಮಂದಿಯ ಬೆವರನ್ನು ಬರೆಯುವುದಿಲ್ಲ. ಆದರೆ ಬೆಂಬಲ ಬೆಲೆಗೆ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ಬೆಳೆಯ ಖರ್ಚು ತೆಗೆಯುವಾಗ ಮನೆಯವರ ದುಡಿಮೆಗೂ ಬೆಲೆ ಕಟ್ಟಿ ಕೂಡಿಸುತ್ತದೆ. ಜೋಳಕ್ಕೆ ಸಲ್ಲುವ ನ್ಯಾಯ ಕೌದಿಗೆ ಏಕೆ ಸಲ್ಲಬಾರದು?

ಹೀಗೆ ಲೆಕ್ಕ ಹಿಡಿದರೆ ನಮ್ಮ ಕೌದಿಯ ಬೆಲೆ ತಾನೇ ಹೊರಬೀಳುತ್ತದೆ. ದುಡಿಮೆಗೆ 3,000, ಬಟ್ಟೆ ದಾರಕ್ಕೆ 500, ಮೇಳದ ಖರ್ಚಿನ ಪಾಲು 500. ಒಟ್ಟು 4,000 ರೂಪಾಯಿ. ನಿಮ್ಮ ಊರಿನ ಕೂಲಿ, ನಿಮ್ಮ ಖರ್ಚು ಬೇರೆ ಇರಬಹುದು. ಅವರವರ ಅಂಕಿ ಹಾಕಿಕೊಂಡು ನೋಡಿರಿ. ಈ ಲೆಕ್ಕ ಮಾಡದೆ ಯಾರೂ ಗಂಟು ಕಟ್ಟಬೇಡಿರಿ.

‘ನಾಲ್ಕು ಸಾವಿರ ಯಾರು ಕೊಡುತ್ತಾರೆ?’ ಎಂಬುದು ಮುಂದಿನ ಪ್ರಶ್ನೆ. ಎಲ್ಲರೂ ಕೊಡುವುದಿಲ್ಲ, ಎಲ್ಲ ಕಡೆಯೂ ಕೊಡುವುದಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಟ್ಟಿಗೆಯ ಬಾಗಿಲು, ಚೌಕಟ್ಟುಗಳ ವ್ಯಾಪಾರ ಜೋರಾಗಿ ನಡೆಯುತ್ತದೆ. ಮನೆ ಕಟ್ಟಿಸುವ ಹಳ್ಳಿಯ ಜನ ಅಲ್ಲಿಗೆ ಬರುತ್ತಾರೆ. ಆದರೆ ಅವರ ಮನೆಯಲ್ಲಿ ಕೌದಿ ಹೊಲಿಯುವ ಅಜ್ಜಿ ಇರುತ್ತಾಳೆ, ಅವರು ನಮ್ಮ ಕೌದಿಯನ್ನೇಕೆ ಕೊಂಡಾರು? ಕೈಹೊಲಿಗೆ ಮರೆತ ಊರಿನವರೇ ನಮ್ಮ ಗಿರಾಕಿಗಳು. ಬೆಂಗಳೂರಿನ ಚಿತ್ರಕಲಾ ಪರಿಷತ್ತು ನಡೆಸುತ್ತ ಬಂದಿರುವ ಚಿತ್ರಸಂತೆಯಲ್ಲಿ ಕಲಾವಿದರು ರಸ್ತೆಯ ಬದಿಯಲ್ಲೇ ಚಿತ್ರ ಇಟ್ಟು ಮಾರುತ್ತಾರೆ. ಮಾಡಿದವರನ್ನು ಕಂಡು, ಅವರ ಕೈಯಿಂದಲೇ ಕೊಳ್ಳಬೇಕೆಂಬ ಜನ ಅಲ್ಲಿಗೆ ಬರುತ್ತಾರೆ. ದೆಹಲಿಯ ಹತ್ತಿರ ಹರಿಯಾಣದ ಸೂರಜಕುಂಡದಲ್ಲಿ 1987ರಲ್ಲಿ ಆರಂಭವಾದ ಕರಕುಶಲ ಮೇಳ ಇಡೀ ದೇಶದ ಕಸುಬುದಾರರಿಗೆ ಹೆಸರಾದದ್ದು. ಆದರೆ ಮೊದಲ ವರ್ಷವೇ ಅಷ್ಟು ದೂರ ಓಡುವ ಅಗತ್ಯವಿಲ್ಲ. ಹತ್ತಿರದ ಪಟ್ಟಣದ ಮೇಳಕ್ಕೆ ಒಮ್ಮೆ ಬರಿಗೈಯಲ್ಲಿ ಹೋಗಿ ನೋಡಿ ಬನ್ನಿರಿ. ಎಂಥ ಜನ ಬರುತ್ತಾರೆ, ಯಾವ ಬೆಲೆಯ ಮಾಲು ಹೋಗುತ್ತದೆ, ನೆರಳು ಇದೆಯೇ, ಕುಡಿಯುವ ನೀರು ಮತ್ತು ಶೌಚಾಲಯ ಇವೆಯೇ, ರಾತ್ರಿ ಮಾಲಿಗೆ ಕಾವಲು ಇದೆಯೇ ಎಂದು ವಿಚಾರಿಸಿಕೊಳ್ಳಿರಿ. ಸ್ವಸಹಾಯ ಸಂಘದಲ್ಲಿರುವವರು ಸರಸ್ ಮೇಳಗಳ ಬಗ್ಗೆ ಕೇಳಿರಿ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಕುಶಲಕರ್ಮಿ ಗುರುತಿನ ಚೀಟಿಯನ್ನೂ ಮಾಡಿಸಿಕೊಳ್ಳಿರಿ. ಸರ್ಕಾರದ ಮೇಳಗಳಲ್ಲಿ ಮಳಿಗೆ ಕೇಳಲು ಅದು ನೆರವಾಗುತ್ತದೆ.

ಇನ್ನು ಮಾಲಿನ ವಿಷಯ. ಮೇಳಕ್ಕೆ ಬಂದ ನೂರು ಜನರಲ್ಲಿ ದೊಡ್ಡ ಕೌದಿ ಕೊಳ್ಳುವವರು ಬೆರಳೆಣಿಕೆಯಷ್ಟು. ಉಳಿದವರು ಮೆಚ್ಚಿ, ಬೆಲೆ ಕೇಳಿ, ಮುಂದೆ ಹೋಗುತ್ತಾರೆ. ಅವರಿಗೂ ಕೊಡಲು ಏನಾದರೂ ಇರಬೇಕು. ಉಳಿದ ತುಂಡುಗಳಲ್ಲಿಯೇ ಕೈಚೀಲ, ದಿಂಬಿನ ಗವಸು, ಕೂಸಿನ ಪುಟ್ಟ ಕೌದಿ ಹೊಲಿಯಬಹುದು. ಸಣ್ಣ ಮಾಲು ಮೇಳದ ಖರ್ಚನ್ನು ಹೊರುತ್ತದೆ. ಆಗ ದೊಡ್ಡ ಕೌದಿ ತನ್ನ ಗಿರಾಕಿ ಬರುವ ತನಕ ನಿಶ್ಚಿಂತೆಯಿಂದ ಕಾಯಬಹುದು. ಹೊಲಿಯುವ ಮೊದಲು ಪ್ರತಿಯೊಂದು ಹಳೆಯ ಬಟ್ಟೆಯನ್ನೂ ಬೇರೆ ಬೇರೆಯಾಗಿ ನೆನೆಸಿ ನೋಡಿರಿ. ಬಣ್ಣ ಬಿಡುವುದನ್ನು ತೆಗೆದಿಡಿರಿ. ಒಂದು ಕೆಂಪು ತುಂಡು ಇಡೀ ಕೌದಿಯನ್ನು ಕೆಡಿಸಿದರೆ ಆ ಗಿರಾಕಿ ಮತ್ತೆ ನಮ್ಮ ಕಡೆ ಮುಖ ಹಾಕುವುದಿಲ್ಲ.

ಬಯಲಿನಲ್ಲಿ ಗಾಳಿ, ಮಳೆ, ಬಿಸಿಲು ನಮ್ಮ ಮಾತು ಕೇಳುವುದಿಲ್ಲ. ಒಂದು ತಾಡಪಾಲು, ಗಟ್ಟಿ ಹಗ್ಗ, ಕಂಬದ ಬುಡಕ್ಕೆ ಕಟ್ಟಲು ಮರಳಿನ ಚೀಲ ಜೊತೆಗಿರಲಿ. ಕೌದಿಗಳನ್ನು ಮಡಿಚಿ ಒಟ್ಟಬೇಡಿರಿ. ಒಂದೆರಡನ್ನಾದರೂ ಹಗ್ಗದ ಮೇಲೆ ಪೂರ್ತಿ ಹರವಿರಿ. ಆದರೆ ಒಂದನ್ನೇ ಮೂರು ದಿನ ಬಿಸಿಲಿಗೆ ಬಿಡಬೇಡಿರಿ, ಬಣ್ಣ ಮಂಕಾಗುತ್ತದೆ. ಪ್ರತಿ ಮಾಲಿಗೂ ಬೆಲೆಯ ಚೀಟಿ ಇರಲಿ. ಕೇಳಲು ಸಂಕೋಚಪಡುವವರು ಚೀಟಿ ಇಲ್ಲದಿದ್ದರೆ ಹಾಗೆಯೇ ಹೋಗಿಬಿಡುತ್ತಾರೆ. ಆ ಚೀಟಿಯ ಮೇಲೆ ಹೊಲಿದವರ ಹೆಸರು, ಊರು, ಹಿಡಿದ ದಿನಗಳು, ಒಗೆಯುವ ರೀತಿ ಇವನ್ನೂ ಬರೆಯಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಸುಮ್ಮನೆ ಕೂಡದೆ ಅಲ್ಲಿಯೂ ಸೂಜಿ ಹಿಡಿದು ಹೊಲಿಯುತ್ತಿರಿ. ನಡೆದು ಹೋಗುವವರು ನಿಲ್ಲುತ್ತಾರೆ. ಒಂದು ಗೇಣು ಹೊಲಿಯಲು ಎಷ್ಟು ಹೊತ್ತು ಬೇಕೆಂದು ಕಣ್ಣಾರೆ ಕಂಡವರು ಬೆಲೆಯನ್ನು ಹೀಗಳೆಯುವುದು ಕಡಿಮೆ.

ಚೌಕಾಸಿ ಇದ್ದೇ ಇರುತ್ತದೆ. ಸಿಟ್ಟಾಗಬೇಡಿರಿ. ಮಾತು ಬಲ್ಲವನಿಗೆ ಜಗಳವಿಲ್ಲ. ‘ಇದಕ್ಕೆ ಇಪ್ಪತ್ತು ದಿನ ಕೂತಿದ್ದಾರೆ, ಇಷ್ಟು ಕೂಲಿ ಬಿದ್ದಿದೆ’ ಎಂದು ನಗುತ್ತಲೇ ಹೇಳಿರಿ. ಎರಡು ಕೊಂಡವರಿಗೆ ಒಂದು ಸಣ್ಣ ಚೀಲ ಕೊಡಬಹುದು. ಆದರೆ ಕೂಲಿಯನ್ನು ಮುರಿದು ಕೊಡಬೇಡಿರಿ. ಫೋನಿನಲ್ಲಿ ಹಣ ಕಳಿಸುವವರೇ ಈಗ ಹೆಚ್ಚು. ಕ್ಯೂಆರ್ ಕೋಡಿನ ಹಲಗೆ ಇಟ್ಟುಕೊಳ್ಳಿರಿ, ಆದರೆ ಅವರ ಫೋನು ನೋಡಿ ನಂಬದೆ, ನಮ್ಮ ಖಾತೆಗೆ ಹಣ ಜಮೆಯಾದದ್ದನ್ನು ನಮ್ಮ ಫೋನಿನಲ್ಲಿ ಕಂಡ ಮೇಲೆಯೇ ಮಾಲು ಕೊಡಿರಿ. ನೆಟ್‌ವರ್ಕ್ ಕೈಕೊಡುವುದೂ ಉಂಟು, ಆದ್ದರಿಂದ ಚಿಲ್ಲರೆಯೂ ಇರಲಿ. ರಾತ್ರಿ ಮಲಗುವ ಮುನ್ನ ಆ ದಿನದ ಮಾರಾಟವನ್ನು ಪುಸ್ತಕದಲ್ಲಿ ಬರೆಯಿರಿ.

ಕೊನೆಯ ದಿನದ ಸಂಜೆ ಬಹಳ ಕೆಟ್ಟದ್ದು. ಗಂಟು ಕಟ್ಟುವ ಹೊತ್ತಿಗೆ ಅರ್ಧ ಬೆಲೆಗೆ ಕೇಳುವವರು ಬಂದೇ ಬರುತ್ತಾರೆ. ಹೊತ್ತು ತಂದದ್ದನ್ನು ಮತ್ತೆ ಹೊತ್ತೊಯ್ಯುವುದೇಕೆ ಎಂದು ಮನಸ್ಸು ಸೋಲುತ್ತದೆ. ರೈತರೇ, ಇಲ್ಲಿಯೇ ಒಂದು ಮಾತು ನೆನಪಿರಲಿ. ಟೊಮ್ಯಾಟೊ ಬುಟ್ಟಿಯನ್ನು ಮಾರುಕಟ್ಟೆಗೆ ಒಯ್ದರೆ ಬೆಲೆ ಹೇಳುವವರು ಬೇರೆಯವರು. ಒಪ್ಪದೆ ತಿರುಗಿ ತಂದರೆ ನಾಳೆ ಅದು ಕೊಳೆಯುತ್ತದೆ. ಕೌದಿ ಕೊಳೆಯುವುದಿಲ್ಲ. ಈ ವರ್ಷ ಹೋಗದಿದ್ದರೆ ಬರುವ ವರ್ಷ ಹೋಗುತ್ತದೆ, ಹೋಗದಿದ್ದರೆ ನಮ್ಮ ಮಕ್ಕಳು ಹೊದ್ದು ಮಲಗುತ್ತಾರೆ. ನಮ್ಮ ಬದುಕಿನಲ್ಲಿ ನಾವೇ ಬೆಲೆ ಹೇಳಬಹುದಾದ ಮಾಲು ಅಪರೂಪ. ಆ ಹಕ್ಕನ್ನು ಒಂದು ಸಂಜೆಯ ಬೇಸರಕ್ಕೆ ಕೊಟ್ಟುಬಿಡಬೇಡಿರಿ.

ಮರುವರ್ಷ ನಾನು ಐದು ಕೌದಿ, 24 ಕೈಚೀಲ ಒಯ್ದೆ. ಚೀಲಗಳು 150ರಂತೆ ಎಲ್ಲವೂ ಹೋಗಿ 3,600 ರೂಪಾಯಿ ಬಂತು. ಮೇಳದ ಖರ್ಚು 3,000, ಚೀಲದ ದಾರ ಮತ್ತು ಹಿಡಿಕೆಗೆ 400 ಅದರಲ್ಲೇ ತೀರಿ, 200 ಉಳಿಯಿತು. ಕೌದಿ ಎರಡೇ ಹೋದವು, 4,000ದಂತೆ. ಅವುಗಳ ಬಟ್ಟೆ ದಾರದ 1,000 ಕಳೆದು 7,000. ಎರಡೂ ಸೇರಿ 7,200. ಕೌದಿಗೆ 20 ದಿನ, ಚೀಲಕ್ಕೆ 4 ದಿನ, ಒಟ್ಟು 24 ದಿನದ ದುಡಿಮೆ. ದಿನಕ್ಕೆ ಸರಿಯಾಗಿ 300 ರೂಪಾಯಿ ಬಿತ್ತು. ಸಿರಿವಂತರಾದೆವೆಂದು ನಾನು ಹೇಳುವುದಿಲ್ಲ. ಕೂಲಿ ಕೈಗೆ ಬಂತು, ಅಷ್ಟೇ. ಆದರೆ ಮೂರು ಕೌದಿ ಇನ್ನೂ ಪೆಟ್ಟಿಗೆಯಲ್ಲಿದ್ದವು.

ಆ ದಿನ ಅತ್ತೆಯವರಿಗೆ ಹಿಂದಿನ ವರ್ಷದ ನಿಜವನ್ನೂ ಹೇಳಿದೆ, ಹಣವನ್ನೂ ಅವರ ಮಡಿಲಿಗೆ ಹಾಕಿದೆ. ಅವರು ಹಣವನ್ನು ಎಣಿಸಲಿಲ್ಲ. ಉಳಿದು ಬಂದ ಕೌದಿಗಳನ್ನು ಬಿಚ್ಚಿ, ಕೈಯಾಡಿಸಿ, ಮತ್ತೆ ಮಡಿಚಿಟ್ಟು, ‘ತಿರಗಿ ತಂದೆಲ್ಲ, ಚಲೋ ಮಾಡಿದಿ’ ಎಂದರು.

ಈ ಬೇಸಿಗೆಯಲ್ಲಿ ಸೂಜಿ ಹಿಡಿಯುವ ಮೊದಲು ಒಂದು ಪುಸ್ತಕವನ್ನೂ ಹಿಡಿಯಿರಿ. ಕೂತ ದಿನ, ಕೂತ ಗಂಟೆ, ತಂದ ದಾರ ಎಲ್ಲವನ್ನೂ ಬರೆದಿಡಿರಿ. ಅಕ್ಷರ ಬಾರದ ಹಿರಿಯರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ. ಮೇಳದ ಬಯಲಿನಲ್ಲಿ ಯಾರಾದರೂ ‘ಎಷ್ಟು?’ ಎಂದಾಗ ತಲೆ ತಗ್ಗಿಸದೆ ಉತ್ತರ ಹೇಳುವ ಧೈರ್ಯ ಆ ಪುಸ್ತಕದಿಂದ ಬರುತ್ತದೆ.