ನೋವಿಗೂ ಒಂದು ಊರಿದೆ



 ಸಂಧಿವಾತ ಇರುವವರೆಲ್ಲರಿಗೂ ನೋವು ಒಂದೇ ಸಮ ಇರುವುದಿಲ್ಲ ಎಂಬುದು ಈ ಸಮ್ಮೇಳನದಲ್ಲಿ ಕೂತಿರುವ ವೈದ್ಯರು, ಫಿಸಿಯೋಥೆರಪಿಸ್ಟರು, ಶುಶ್ರೂಷಕಿಯರು, ಆಶಾ ಕಾರ್ಯಕರ್ತೆಯರು ಯಾರಿಗೂ ಹೊಸದಲ್ಲ. ಆದರೆ ಆ ನೋವು ಯಾರಿಗೆ ತಡೆಯಲಾರದಷ್ಟು ಆಗುತ್ತದೆ ಎಂಬುದನ್ನು ಅವರ ಕೀಲಿನಷ್ಟೇ ಅವರ ಊರೂ ತೀರ್ಮಾನಿಸುತ್ತದೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟು.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2019ರ ಮೇ ತಿಂಗಳಲ್ಲಿ ಒಂದು ವರದಿ ಹೊರತಂದಿತು. 2017ರಲ್ಲಿ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಫೋನಿನ ಮೂಲಕ ನಡೆಸಿದ ಸಮೀಕ್ಷೆ ಅದಕ್ಕೆ ಆಧಾರ. ನಿಮಗೆ ಸಂಧಿವಾತ ಇದೆ ಎಂದು ವೈದ್ಯರಿಂದ ಹೇಳಿಸಿಕೊಂಡಿದ್ದ ವಯಸ್ಕರನ್ನು ಕೇಳಿದರು: ಕಳೆದ 30 ದಿನಗಳಲ್ಲಿ ಕೀಲುನೋವು ಸರಾಸರಿ ಎಷ್ಟಿತ್ತು, ಸೊನ್ನೆಯಿಂದ 10ರೊಳಗೆ ಒಂದು ಅಂಕಿ ಹೇಳಿ. 7 ಅಥವಾ ಅದಕ್ಕೂ ಮೇಲೆ ಹೇಳಿದವರದು ತೀವ್ರ ನೋವು. ಕೊಲರಾಡೊ ರಾಜ್ಯದಲ್ಲಿ ಅಂಥವರು ಶೇ. 20.8. ಮಿಸಿಸಿಪ್ಪಿಯಲ್ಲಿ ಶೇ. 45.2. ವಯಸ್ಸಿನ ಏರುಪೇರನ್ನು ಸರಿದೂಗಿಸಿದ ಮೇಲೆ ಬಂದ ಅಂಕಿಗಳಿವು. ಹಾಗಾಗಿ ಮಿಸಿಸಿಪ್ಪಿಯಲ್ಲಿ ಮುದುಕರು ಜಾಸ್ತಿ ಇರಬಹುದು ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಒಂದೇ ದೇಶ, ಅವೇ ಔಷಧಗಳು, ಅವೇ ಪುಸ್ತಕ ಓದಿ ಬಂದ ವೈದ್ಯರು. ಆದರೂ ಒಂದು ಕಡೆ ಐವರಲ್ಲಿ ಒಬ್ಬರು ನರಳುತ್ತಾರೆ, ಇನ್ನೊಂದು ಕಡೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು.

ಇಂಥ ಅಂಕಿ ಕೇಳಿದ ಕೂಡಲೇ ಮೊದಲು ನೆನಪಾಗುವುದು ಹವಾಮಾನ. ಚಳಿ ಬಿತ್ತೆಂದರೆ ಮಂಡಿ ಹಿಡಿಯುತ್ತದೆ, ಮೋಡ ಕಟ್ಟಿದರೆ ಸಂದು ಸಂದೂ ಸೆಳೆಯುತ್ತದೆ ಎಂದು ನಮ್ಮ ಮನೆಯ ಹಿರಿಯರೆಲ್ಲ ಹೇಳುತ್ತಾರೆ. ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೊಲರಾಡೊ ಹಿಮ ಬೀಳುವ ಬೆಟ್ಟದ ನಾಡು, ಮಿಸಿಸಿಪ್ಪಿ ಸೆಕೆಯ ನಾಡು. ಹವೆಯೇ ಕಾರಣವಾಗಿದ್ದರೆ ಅಂಕಿಗಳು ಅದಲು ಬದಲಾಗಬೇಕಿತ್ತು. ಅದೇ ದೇಶದಲ್ಲಿ ಹಿರಿಯ ನಾಗರಿಕರು ವೈದ್ಯರಲ್ಲಿಗೆ ಹೋದ ಒಂದು ಕೋಟಿಗೂ ಹೆಚ್ಚು ಭೇಟಿಗಳನ್ನು ಆಯಾ ದಿನದ ಮಳೆಯ ಲೆಕ್ಕದೊಂದಿಗೆ ಹೋಲಿಸಿ ನೋಡಿದ ಅಧ್ಯಯನವೊಂದು 2017ರಲ್ಲಿ ಬಂತು. ಮಳೆ ಬಂದ ದಿನ ಕೀಲುನೋವಿನ ದೂರು ಹೆಚ್ಚಾದದ್ದು ಅದರಲ್ಲಿ ಕಾಣಲಿಲ್ಲ.

ಕಾರಣವನ್ನು ಬೇರೆ ಕಡೆ ಹುಡುಕಬೇಕು. ಸಿಡಿಸಿ ವರದಿಯಲ್ಲಿ ತೀವ್ರ ನೋವು ಹೆಚ್ಚಾಗಿ ಕಂಡದ್ದು ಅಮೆರಿಕದ ಆಗ್ನೇಯ ಭಾಗದ ರಾಜ್ಯಗಳಲ್ಲಿ. ಆ ಭಾಗದಲ್ಲಿ ಬಡತನ ಹೆಚ್ಚು, ಸ್ಥೂಲಕಾಯ ಹೆಚ್ಚು. ಕಡಿಮೆ ಓದಿದವರಲ್ಲಿ, ಕಡಿಮೆ ಆದಾಯದವರಲ್ಲಿ ನೋವಿನ ತೀವ್ರತೆಯೂ ಹೆಚ್ಚು. ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ: 65 ದಾಟಿದವರಿಗಿಂತ 45ರಿಂದ 64ರ ನಡುವಿನವರಲ್ಲಿ ತೀವ್ರ ನೋವಿನ ಪ್ರಮಾಣ ಹೆಚ್ಚಿತ್ತು. ದುಡಿಯುವ ವಯಸ್ಸು ಅದು. ನೋವಿದೆ ಎಂದು ಕೂತರೆ ಅಂದಿನ ಕೂಲಿ ಹೋಗುತ್ತದೆ. ಕೂರದೆ ದುಡಿದರೆ ನೋವು ಬಲಿಯುತ್ತದೆ.

ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಸಂಧಿವಾತ ಇದ್ದು, ದುಡಿಮೆಯ ಹೊರತಾಗಿ ಯಾವ ವ್ಯಾಯಾಮವನ್ನೂ ಮಾಡದವರು ಕೊಲರಾಡೊದಲ್ಲಿ ಶೇ. 23.2, ಕೆಂಟಕಿಯಲ್ಲಿ ಶೇ. 44.4. ನಡಿಗೆ, ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ, ಇವು ಮಂಡಿನೋವನ್ನು ನಿಜವಾಗಿ ತಗ್ಗಿಸುತ್ತವೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಆದರೆ ನಡೆಯಲು ದಾರಿ ಬೇಕು, ಹೊತ್ತು ಬೇಕು, ನಡೆ ಎಂದು ಹೇಳಿ ಹೇಗೆ ಎಂದು ತೋರಿಸಿಕೊಡುವವರು ಬೇಕು. ಇವು ಇಲ್ಲದ ಕಡೆ ಗುಳಿಗೆ ಬಂದು ಕೂರುತ್ತದೆ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಕೂತದ್ದು ಅಫೀಮಿನ ಬಳಗದ ಒಪಿಯಾಯ್ಡ್ ಗುಳಿಗೆ. 2017ರಲ್ಲಿ ಅಲಬಾಮಾ ರಾಜ್ಯವೊಂದರಲ್ಲೇ ನೂರು ಜನರಿಗೆ ನೂರಕ್ಕೂ ಹೆಚ್ಚು ಒಪಿಯಾಯ್ಡ್ ಚೀಟಿಗಳನ್ನು ಬರೆದಿದ್ದರು. ನಮ್ಮಲ್ಲಿ ಆ ಜಾಗದಲ್ಲಿ ಕೂತಿರುವುದು ಸ್ಟಿರಾಯ್ಡ್ ಸೂಜಿ. ಹೆಸರು ಬರೆಯದ ಪೊಟ್ಟಣದಲ್ಲಿ ಕೊಡುವ ಮೂರು ಬಣ್ಣದ ಗುಳಿಗೆಗಳು. ಎರಡು ದಿನ ಆರಾಮ, ಎರಡು ವರ್ಷ ಕಳೆದ ಮೇಲೆ ಊದಿದ ಮುಖ, ಸಕ್ಕರೆ ಕಾಯಿಲೆ, ಟೊಳ್ಳಾದ ಎಲುಬು. ಇದನ್ನು ನಿಮ್ಮಲ್ಲಿ ನೋಡದವರು ಯಾರಿದ್ದೀರಿ?

ನೋವಿಗೂ ಊರಿಗೂ ನಂಟಿದೆ ಎಂಬುದನ್ನು ತಿಳಿಯಲು ಕನ್ನಡಿಗರು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿ ನಮ್ಮದೇ ಒಂದು ಹಳ್ಳಿಯ ಹೆಸರಿನಲ್ಲಿ ಕೀಲುರೋಗವಿದೆ. ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದ ನಡುವಿನಲ್ಲಿ ಅಲ್ಲಿನ ದಲಿತ ಕೇರಿಗಳಲ್ಲಿ ಸೊಂಟದ ಕೀಲು, ಮಂಡಿ ನೋಯುತ್ತಾ ನೋಯುತ್ತಾ ಜನ ಬಾಗಿದರು, ಕೆಲವರು ತೆವಳುವ ಸ್ಥಿತಿಗೆ ಬಂದರು, ಕೆಲವು ಕುಟುಂಬಗಳಲ್ಲಿ ಮಕ್ಕಳು ಗಿಡ್ಡಾಗಿಯೇ ಉಳಿದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಮೈ ಸೇರಿತೇ ಎಂಬ ಅನುಮಾನ ಮೊದಲು ಬಂತು. ಬಡವರ ತಾಟಿನಲ್ಲಿದ್ದ ಏಡಿಯ ಮೇಲೆ ಎಲ್ಲರ ಕಣ್ಣು ಬಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಬಂದು ವಂಶಾವಳಿ ಬರೆದುಕೊಂಡರು, ಎಕ್ಸ್‌ರೇ ತೆಗೆದರು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಮಕ್ಕಳಿಗೆ ಇಳಿಯಬಲ್ಲ ಮೂಳೆ ಬೆಳವಣಿಗೆಯ ದೋಷ ಇದು ಎಂಬುದು ಗೊತ್ತಾಯಿತು. ರೋಗಕ್ಕೆ ಹೆಸರು ಬಂತು. ಆದರೆ ವಂಶವಾಹಿಯನ್ನು ಬದಲಿಸಲು ಆಗದು ಎಂದ ಮಾತ್ರಕ್ಕೆ ನೋವನ್ನು ಕಡಿಮೆ ಮಾಡಲೂ ಆಗದು ಎಂದು ಅರ್ಥವಲ್ಲ. ಸೊಂಟದ ಕೀಲು ಸವೆದವನಿಗೆ ನಾಟಿ, ಕೊಯ್ಲು ಬಿಟ್ಟು ಬೇರೆ ದುಡಿಮೆ ಸಿಕ್ಕರೆ, ಹೊತ್ತಿಗೆ ಸರಿಯಾಗಿ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಸಿಕ್ಕರೆ, ಅದೇ ವಂಶವಾಹಿ ಹೊತ್ತ ದೇಹ ಬೇರೆಯದೇ ಬದುಕು ಬಾಳುತ್ತದೆ. ಐದು ದಶಕವಾದರೂ ಈ ಮಾತನ್ನು ಮತ್ತೆ ಹೇಳಬೇಕಾಗಿ ಬಂದಿರುವುದು ನನಗೆ ನೋವಿನ ಸಂಗತಿ.

ಪಾವಗಡ, ಮುಂಡರಗಿ, ಬಾಗೇಪಲ್ಲಿಯ ಕಡೆಯಿಂದ ಬಂದವರಿಗೆ ಇನ್ನೊಂದು ಕಥೆ ಗೊತ್ತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ಕೊಳವೆಬಾವಿಯ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು ಕಂಬದಂತೆ ಬಿಗಿಯುತ್ತದೆ, ಕೀಲು ಮಡಚುವುದಿಲ್ಲ. ಶುರುವಿನಲ್ಲಿ ಇದು ನೋಡಲು ಥೇಟ್ ಸಂಧಿವಾತವೇ. ನಾವು ನೋವಿನ ಗುಳಿಗೆ ಬರೆದು ಕಳಿಸುತ್ತೇವೆ, ಅವರು ಮನೆಗೆ ಹೋಗಿ ಆ ಗುಳಿಗೆಯನ್ನು ಅದೇ ನೀರಿನಲ್ಲಿ ನುಂಗುತ್ತಾರೆ. ಯಾವ ಊರು, ಯಾವ ನೀರು ಎಂದು ಕೇಳದ ವೈದ್ಯನಿಗೆ ಈ ಕಾಯಿಲೆ ಕಾಣುವುದೇ ಇಲ್ಲ. ಚಿಕೂನ್‌ಗುನ್ಯಾ ಕೂಡ ಹೀಗೆಯೇ. 2006ರಲ್ಲಿ ದೇಶದಲ್ಲೇ ಅತಿ ಹೆಚ್ಚು, ಏಳು ಲಕ್ಷಕ್ಕೂ ಮೀರಿದ ಶಂಕಿತ ಪ್ರಕರಣಗಳು ವರದಿಯಾದದ್ದು ಕರ್ನಾಟಕದಿಂದ. ಜ್ವರ ಬಿಟ್ಟಿತು, ಎಷ್ಟೋ ಜನರ ಕೀಲುನೋವು ತಿಂಗಳುಗಟ್ಟಲೆ ಬಿಡಲಿಲ್ಲ.

ಇವು ಹೆಸರಾದ ರೋಗಗಳು. ನನಗೆ ಹೆಚ್ಚು ಚಿಂತೆ ಇರುವುದು ಹೆಸರಾಗದ ಮಂಡಿಸವೆತದ ಬಗ್ಗೆ. ಮುಂಡರಗಿ ಕಡೆಯ ಹೆಣ್ಣುಮಗಳೊಬ್ಬಳು, ಐವತ್ತರ ಆಸುಪಾಸು, ಹತ್ತಿ ಹೊಲದಲ್ಲಿ ಕಳೆ ತೆಗೆದು ಬದುಕಿದವಳು, ನನ್ನಲ್ಲಿ ತೋರಿಸಿಕೊಳ್ಳಲು ಬಂದಿದ್ದಳು. ಎಕ್ಸ್‌ರೇ ನೋಡಿದರೆ ಎರಡನೇ ದರ್ಜೆಯ ಸವೆತ, ಅಷ್ಟೇ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟವ್ವಾ ಎಂದು ಕೇಳಿದೆ. ಆಕೆ ಅಂಕಿ ಹೇಳಲಿಲ್ಲ. "ಎಷ್ಟಂತ ಹೇಳ್ಲಿರಿ ಡಾಕ್ಟ್ರ? ನೆಲಕ್ಕ ಕುಂತ್ರ ಏಳಾಕ ಆಗಂಗಿಲ್ಲ. ಬಸ್ಸಿನ ಪಾವಟಿಗಿ ಹತ್ತಾಕ ಆಗಂಗಿಲ್ಲ. ಬಯಲಿಗೆ ಕುಂದರಬೇಕಾಕ್ಕೈತಿ ಅಂತ ಸಂಜಿ ಆದ ಮ್ಯಾಲ ನೀರು ಕುಡಿಯೂದ ಬಿಟ್ಟೀನ್ರಿ" ಎಂದಳು. ಬೆಂಗಳೂರಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರನ್ನೂ ನಾನು ನೋಡುತ್ತಿದ್ದೇನೆ. ಅವರ ಎಕ್ಸ್‌ರೇ ಇದಕ್ಕಿಂತ ಕೆಟ್ಟದ್ದು, ಮೂರನೇ ದರ್ಜೆಯದು. ಆದರೆ ಮನೆಯಲ್ಲಿ ಕಮೋಡಿದೆ, ಲಿಫ್ಟಿದೆ, ವಾರಕ್ಕೆರಡು ಸಲ ಮನೆಗೇ ಬರುವ ಫಿಸಿಯೋಥೆರಪಿಸ್ಟ್ ಇದ್ದಾರೆ. ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡೆಯುತ್ತಾರೆ. ಕೇಳಿದರೆ, "ಮೂರೋ ನಾಲ್ಕೋ ಇರಬಹುದು ಡಾಕ್ಟ್ರೆ" ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ನೋವಿಗೂ ಪೂರ್ತಿ ತಾಳೆಯಾಗುವುದಿಲ್ಲ ಎಂದು ನಾವು ಪಾಠದಲ್ಲಿ ಓದಿದ್ದೇವೆ. ತಾಳೆಯಾಗದೆ ಉಳಿದ ಆ ಪಾಲಿನಲ್ಲಿ ಈ ಹೆಣ್ಣುಮಗಳ ಊರು ಇದೆ, ಕೂಲಿ ಇದೆ, ಇಲ್ಲದ ಶೌಚಾಲಯ ಇದೆ.

ಹಾಗಾದರೆ ಕರ್ನಾಟಕದಲ್ಲಿ ಯಾವ ಊರಿನಲ್ಲಿ ಎಷ್ಟು ನೋವಿದೆ ಎಂಬ ನಕ್ಷೆ ಬರೆಯಲು ಏನು ಅಡ್ಡಿ? ದಾರಿ ಗೊತ್ತಿಲ್ಲವೆಂದಲ್ಲ. 1996ರಲ್ಲಿ ಪುಣೆ ಜಿಲ್ಲೆಯ ಭಿಗವಣದಲ್ಲಿ ಡಾ. ಅರವಿಂದ ಚೋಪ್ರಾ ಮತ್ತು ಸಂಗಡಿಗರು, ವಿಶ್ವ ಆರೋಗ್ಯ ಸಂಸ್ಥೆಯ ನೆರಳಿನಲ್ಲಿ ಕೀಲುರೋಗಗಳ ನಿಯಂತ್ರಣಕ್ಕೆಂದು ರೂಪುಗೊಂಡ ಕಾಪ್‌ಕಾರ್ಡ್ ಕಾರ್ಯಕ್ರಮದ ಪ್ರಕಾರ, ಮನೆಮನೆಗೆ ಹೋಗಿ ಎಲ್ಲಿ ನೋಯುತ್ತದೆ, ಯಾವ ಕೆಲಸ ಆಗುವುದಿಲ್ಲ ಎಂದು ಕೇಳಿಸಿದರು. ಹೀಗೆ ಕೇಳಿದ್ದು ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು. ಅಂಥ ಕೆಲಸಕ್ಕೆ ಬೇಕಾದ ಕೈಗಳು ನಮ್ಮ ಆಶಾ ಕಾರ್ಯಕರ್ತೆಯರ ರೂಪದಲ್ಲಿ ಇವತ್ತು ಹೆಚ್ಚುಕಡಿಮೆ ಪ್ರತಿ ಹಳ್ಳಿಯಲ್ಲೂ ಇವೆ. ಅವರ ಮೇಲೆ ಈಗಾಗಲೇ ಹೊರೆ ಮಿತಿಮೀರಿದೆ ಎಂಬುದೂ ನನಗೆ ಗೊತ್ತು. ಗೌರವಧನ ಕೊಡದೆ ಇನ್ನೊಂದು ಪಟ್ಟಿ ತುಂಬಿಸುವುದಕ್ಕೆ ನಾನು ಒಪ್ಪುವುದಿಲ್ಲ.

ಅದಕ್ಕೆ ಮೊದಲ ಕೆಲಸ ನಮ್ಮ ಹೊರರೋಗಿ ಚೀಟಿಯಿಂದ ಶುರುವಾಗಲಿ ಎಂದು ಕೇಳಿಕೊಳ್ಳುತ್ತೇನೆ. ಕೀಲುನೋವು ಎಂದು ಬಂದವರ ಹೆಸರಿನ ಪಕ್ಕ ತಾಲ್ಲೂಕು ಕೇಂದ್ರದ ಹೆಸರು ಗೀಚದೆ ಹಳ್ಳಿಯ ಹೆಸರು ಬರೆಯೋಣ. ದುಡಿಮೆ ಯಾವುದು, ಕುಡಿಯುವುದು ಯಾವ ನೀರು ಎಂದು ಬರೆಯೋಣ. ನೋವಿನ ಅಂಕಿ ಹೇಳಬಲ್ಲವರಿಂದ ಅಂಕಿ, ಹೇಳಲಾರದವರಿಂದ ಮೂರು ಉತ್ತರ: ನೆಲದಿಂದ ಏಳುತ್ತೀರಾ, ಬಸ್ಸು ಹತ್ತುತ್ತೀರಾ, ಶೌಚಕ್ಕೆ ಕೂರುತ್ತೀರಾ. ತಾಲ್ಲೂಕು ತಾಲ್ಲೂಕಿನ ಲೆಕ್ಕ ಕೈಗೆ ಬಂದರೆ, ಫಿಸಿಯೋಥೆರಪಿಸ್ಟರ ಹುದ್ದೆ ಮೊದಲು ಎಲ್ಲಿಗೆ ಬೇಕು, ಶುದ್ಧ ನೀರಿನ ಘಟಕ ಎಲ್ಲಿ ಕೆಟ್ಟು ನಿಂತಿದೆ, ಮನೆಗೊಂದು ಎತ್ತರದ ಶೌಚಪೀಠ ಯಾರಿಗೆ ತುರ್ತು ಎಂದು ಸರ್ಕಾರದ ಮುಂದೆ ಊರಿನ ಹೆಸರು ಹಿಡಿದು ಮಾತನಾಡಬಹುದು. ಸರಾಸರಿಯ ಮಾತಿಗೆ ಯಾವ ಕಚೇರಿಯೂ ಕದಲುವುದಿಲ್ಲ.

ಇದರ ಕರಡು ನಮೂನೆಯನ್ನು ನಿಮ್ಮ ಕೈಚೀಲದಲ್ಲಿ ಇಡಿಸಿದ್ದೇನೆ, ಒಂದೇ ಪುಟದ್ದು. ಮಧ್ಯಾಹ್ನದ ಗೋಷ್ಠಿಯಲ್ಲಿ ಅದರ ಮೇಲೆ ಚರ್ಚೆಯಿದೆ. ಮಲೆನಾಡಿನವರು, ಕರಾವಳಿಯವರು, ಬಯಲುಸೀಮೆಯವರು ನಿಮ್ಮ ನಿಮ್ಮ ಕಡೆ ಜನ ನೋವನ್ನು ಹೇಳುವ ರೀತಿಗೆ ಹೊಂದುವಂತೆ ಆ ಮೂರು ಪ್ರಶ್ನೆಗಳನ್ನು ತಿದ್ದಿಕೊಡಿ. ಸಂಜೆಯೊಳಗೆ ಒಪ್ಪಿಗೆಯಾದರೆ ಸೋಮವಾರದ ಹೊರರೋಗಿ ವಿಭಾಗದಿಂದಲೇ ಶುರು ಮಾಡಬಹುದು.