ಹಳೆಯ ಕಾರು, ಹೊಸ ಕಾರು ಮತ್ತು ಕೂಡಗಿಯ ಚಿಮಣಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆನೆಲ ಮಲೆಸೀಮೆಯಿಂದ ಬಹುದೂರ. ಆದರೂ ಮಹಾಬಲೇಶ್ವರದ ಬೆಟ್ಟದಲ್ಲಿ ಹುಟ್ಟುವ ಕೃಷ್ಣೆಯೇ ಆ ಸೀಮೆಯ ಆಲಮಟ್ಟಿಯಲ್ಲಿ ನಿಲ್ಲುತ್ತಾಳೆ. ಹಳೆಯ ಕಾರು ಮೇಲೋ ಹೊಸದು ಮೇಲೋ ಎಂಬ ಪ್ರಶ್ನೆಗೆ ಉತ್ತರವೂ ಅಲ್ಲಿ ದೊರೆಯುತ್ತದೆ.

ಮೊದಲು ಹಳೆಯದನ್ನು ನೋಡೋಣ. ಅಂಬಾಸಿಡರ್ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ರೂಪಾಂತರ. 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಅದರದು ದಪ್ಪ ತಗಡು, ಸರಳ ಯಂತ್ರ. ಕಾರ್ಬ್ಯುರೇಟರ್ ಬಿಚ್ಚಿ, ತೊಳೆದು, ಮತ್ತೆ ಜೋಡಿಸಬಲ್ಲ ಮೆಕ್ಯಾನಿಕ್ ಸಣ್ಣ ಊರಿನಲ್ಲೂ ಸಿಗುತ್ತಿದ್ದ. ದುರಸ್ತಿಯಾಗಬಲ್ಲ ವಸ್ತು ಬೇಗ ಕಸವಾಗುವುದಿಲ್ಲ. ಇದು ಅದರ ದೊಡ್ಡ ಗುಣ. ದೋಷವೂ ಸಣ್ಣದಲ್ಲ. ಆರಂಭದ ದಶಕಗಳ ಕಾರುಗಳಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಸಾಧನವಿರಲಿಲ್ಲ. 2000ದವರೆಗೆ ದೇಶದ ಪೆಟ್ರೋಲಿನಲ್ಲಿ ಸೀಸವೂ ಇತ್ತು. ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನವನ್ನು 2021ರ ನಿಯಮ 'ವಿಂಟೇಜ್' ಎಂದು ಗುರುತಿಸುತ್ತದೆ. ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಇನ್ನು ಹೊಸದು. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಕಾರುಗಳಿಗೆ ಬಿಎಸ್-6 ಮಾನದಂಡ ಕಡ್ಡಾಯವಾಯಿತು. ವಿದ್ಯುತ್ ಕಾರಿಗಂತೂ ಹೊಗೆಕೊಳವೆಯೇ ಇಲ್ಲ. ಬೆಂಗಳೂರಿನಲ್ಲಿ 2001ರಲ್ಲಿಯೇ ರೇವಾ ಎಂಬ ವಿದ್ಯುತ್ ಕಾರು ರಸ್ತೆಗಿಳಿದಿತ್ತು. ಆದರೆ ವಿದ್ಯುತ್ತು ಎಲ್ಲಿಂದ ಬರುತ್ತದೆ?

ಅಖಂಡ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರವಿದೆ. ಅದು ಕುಡಿಯುವುದು ಆಲಮಟ್ಟಿಯ ನೀರನ್ನು, ಅಂದರೆ ಬೆಟ್ಟದ ಮಳೆಯನ್ನು. ಬೂದಿ ಮತ್ತು ನೀರಿನ ಚಿಂತೆಯಿಂದ ಅಲ್ಲಿನ ರೈತರು ಹೋರಾಡಿದರು. 2014ರ ಜುಲೈನಲ್ಲಿ ಗೋಲಿಬಾರೂ ನಡೆಯಿತು. ನಗರದ ಕಾರಿನಿಂದ ಮರೆಯಾದ ಹೊಗೆ ಹಳ್ಳಿಯ ಚಿಮಣಿಯಲ್ಲಿ ಏಳುತ್ತದೆ.

ಲೆಕ್ಕ ಹಾಕಿ ನೋಡಿ. ವಿಜಯಪುರದಿಂದ ಸಿಂದಗಿಗೆ ಸುಮಾರು 60 ಕಿ.ಮೀ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲಾಮ್ಲ ಹೊರಬೀಳುತ್ತದೆ. ಲೀಟರಿಗೆ 10 ಕಿ.ಮೀ. ಓಡುವ ಹಳೆಯ ಕಾರಿಗೆ 6 ಲೀಟರ್ ಬೇಕು. ಹೊರಬೀಳುವುದು ಸುಮಾರು 14 ಕಿಲೋ. ಲೀಟರಿಗೆ 18 ಕಿ.ಮೀ. ಓಡುವ ಹೊಸ ಸಣ್ಣ ಕಾರಿಗೆ ಸುಮಾರು 8 ಕಿಲೋ. ವಿದ್ಯುತ್ ಕಾರಿಗೆ 8 ಯೂನಿಟ್ ಬೇಕೆಂದುಕೊಳ್ಳಿ. ಕಲ್ಲಿದ್ದಲಿನ ಯೂನಿಟ್ಟಿಗೆ ಸುಮಾರು 0.9 ಕಿಲೋದಂತೆ ಅದೂ 7 ಕಿಲೋ ದಾಟುತ್ತದೆ. ಬಿಸಿಲಿನಿಂದಲೋ ಆಲಮಟ್ಟಿಯ 290 ಮೆಗಾವಾಟ್ ಜಲವಿದ್ಯುತ್ ಸ್ಥಾವರದಿಂದಲೋ ಚಾರ್ಜ್ ಆದರೆ ಮಾತ್ರ ಈ ಭಾರ ಬಹುಪಾಲು ಇಳಿಯುತ್ತದೆ. ಆದರೆ ಆಲಮಟ್ಟಿಯೂ ಹಳ್ಳಿಗಳನ್ನು ಮುಳುಗಿಸಿಯೇ ನಿಂತ ಅಣೆಕಟ್ಟು ಎಂಬುದನ್ನು ಮರೆಯಲಾಗದು.

ಇದೇ ದಾರಿಯಲ್ಲಿ ಸಾರಿಗೆ ಬಸ್ಸೂ ಓಡುತ್ತದೆ. ಲೀಟರಿಗೆ 5 ಕಿ.ಮೀ. ಎಂದರೆ 12 ಲೀಟರ್ ಡೀಸೆಲ್, ಸುಮಾರು 32 ಕಿಲೋ. 50 ಜನ ಕುಳಿತರೆ ತಲೆಗೆ ಒಂದು ಕಿಲೋ ಕೂಡ ಬೀಳುವುದಿಲ್ಲ. ಒಬ್ಬನೇ ಕುಳಿತು ಹೋಗುವ ಯಾವ ಪೆಟ್ರೋಲ್ ಕಾರೂ ಇದರ ಸಮಕ್ಕೆ ಬಾರದು.

ಆದ್ದರಿಂದ ಕಾರಿನ ಹೊಳಪನ್ನು ಅಳೆಯುವ ಮುನ್ನ ಮೂರು ಪ್ರಶ್ನೆ ಕೇಳಬೇಕು: ಶಕ್ತಿ ಎಲ್ಲಿಂದ ಬಂತು? ಕೆಟ್ಟರೆ ಊರಲ್ಲೇ ರಿಪೇರಿಯಾದೀತೇ? ಒಳಗೆ ಎಷ್ಟು ಜನರಿದ್ದಾರೆ? ಬೆಟ್ಟದ ಊರುಗಳು ಹೊಸ ರಸ್ತೆ ಕೇಳುವಾಗ ಅದರ ಮೇಲೆ ಓಡುವ ಬಸ್ಸನ್ನೂ ಜೊತೆಗೇ ಕೇಳಲಿ.