ಊರು ಮುಟ್ಟಿಸಿದ ಗಾಡಿಯ ಕಥೆಯೂ ಬೇಕು



ದಾರಿ, ಗಾಡಿ, ಪಯಣ. ಈ ಮೂರರ ಮೇಲೆ ಬಂದ ಪುಸ್ತಕಗಳನ್ನಷ್ಟೇ ಕೂಡಿಸಿ ಒಂದು ಪ್ರದರ್ಶನ ಮಾಡುತ್ತೇವೆ, ಬಂದು ಉದ್ಘಾಟಿಸಬೇಕು ಎಂದು ನಿಮ್ಮವರು ಕರೆದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿದೆ. ಕಥೆ, ಕವಿತೆ, ವಚನಗಳ ಪುಸ್ತಕ ಪ್ರದರ್ಶನ ಎಲ್ಲ ಕಡೆ ಆಗುತ್ತವೆ. ರೈಲಿನ ಇತಿಹಾಸಕ್ಕೆ, ಬಸ್ಸಿನ ಚರಿತ್ರೆಗೆ, ಪ್ರವಾಸ ಕಥನಕ್ಕೆ ಒಂದು ಚಪ್ಪರ ಹಾಕಿ, ಅದೂ ರೈಲು ಮುಟ್ಟದ ಲಾತೂರು ಜಿಲ್ಲೆಯ ನಿಲಂಗಾದಲ್ಲಿ ಹಾಕಿ, ಜನರನ್ನು ಕರೆಯುವುದು ಹೊಸ ಮಾತು. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಮೇಜಿನ ಮೇಲೆ ಕೂತಿರುವುದನ್ನು ಕಂಡು ಮನಸ್ಸು ತುಂಬಿತು. ಈ ಸೀಮೆಯ ಮನೆಗಳಲ್ಲಿ ಇರುವಂತೆಯೇ ಇಲ್ಲೂ ಇವೆ.

2016ರ ಏಪ್ರಿಲ್ 12 ನಿಮ್ಮಲ್ಲಿ ಬಹಳ ಜನರಿಗೆ ನೆನಪಿರಬೇಕು. ಮಾಂಜ್ರಾ ಜಲಾಶಯ ಬತ್ತಿ, ಲಾತೂರಿನ ನಲ್ಲಿಗಳು ಒಣಗಿದ್ದ ಬೇಸಿಗೆ. ಮೀರಜಿನಿಂದ ಹೊರಟ ಒಂದು ಗಾಡಿ ಅವತ್ತು ಬೆಳಿಗ್ಗೆ ಲಾತೂರಿಗೆ ಬಂತು. ಹತ್ತು ಟ್ಯಾಂಕರ್ ಬೋಗಿಗಳು, ಅವುಗಳಲ್ಲಿ ಸುಮಾರು ಐದು ಲಕ್ಷ ಲೀಟರ್ ನೀರು. ಆಮೇಲೆ ಐವತ್ತು ಬೋಗಿಗಳ ಗಾಡಿಗಳೇ ಬಂದವು, ಒಂದೊಂದು ಸಲಕ್ಕೆ ಇಪ್ಪತ್ತೈದು ಲಕ್ಷ ಲೀಟರ್. ‘ಜಲದೂತ’ ಎಂದು ಜನ ಅದನ್ನು ಕರೆದರು. ಕೃಷ್ಣಾ ನದಿಯ ನೀರು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹಳಿಯ ಮೇಲೆ ಹರಿದು ಬಂತು.

ಆ ನೀರು ಬಂದ ದಾರಿ ಯಾವುದು ಎಂದು ಕೇಳಿದವರು ಕಡಿಮೆ. ಮೀರಜ್, ಪಂಢರಪುರ, ಕುರ್ಡುವಾಡಿ, ಬಾರ್ಶಿ, ಲಾತೂರು. ಇದು ಬಹುತೇಕ ನಮ್ಮ ಹಿರಿಯರು ‘ಬಾರ್ಶಿ ಲೈಟ್’ ಎಂದು ಕರೆಯುತ್ತಿದ್ದ ಸಣ್ಣ ರೈಲಿನ ದಾರಿ. ಎರಡೂವರೆ ಅಡಿ ಅಗಲದ ಹಳಿ. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಶಿವರೆಗೆ ಶುರುವಾಯಿತು. 1906ಕ್ಕೆ ಪಂಢರಪುರ, 1911ಕ್ಕೆ ಲಾತೂರು, 1927ಕ್ಕೆ ಮೀರಜ್ ಮುಟ್ಟಿತು. ಹತ್ತಿಯನ್ನೂ ವಾರಕರಿಗಳನ್ನೂ ಹೊತ್ತು ತಿರುಗಲೆಂದು ಹಾಕಿದ ದಾರಿ, ಅಗಲವಾದ ಮೇಲೆ, ನೂರು ವರ್ಷ ಕಳೆದು ಒಂದು ಊರಿನ ಬಾಯಾರಿಕೆ ತಣಿಸಿತು. ಸಾರಿಗೆಯ ಚರಿತ್ರೆ ಯಾಕೆ ಓದಬೇಕು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಈ ಕಥೆಯನ್ನೇ.

ಈ ರೈಲನ್ನು ಕಟ್ಟಿದವನು ಎವೆರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಇಂಗ್ಲಿಷ್ ಇಂಜಿನಿಯರ್. 1882ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆಯ ಕೆಲಸಕ್ಕೆಂದು ಇಲ್ಲಿಗೆ ಬಂದ. ದೊಡ್ಡ ರೈಲು ಬಾರ್ಶಿ ಪೇಟೆಯನ್ನು ಮುಟ್ಟದೆ ಇಪ್ಪತ್ತು ಮೈಲಿ ದೂರದಲ್ಲೇ ಹಾದುಹೋಗಿತ್ತು. ಅಷ್ಟು ದೂರ ಹತ್ತಿಯ ಅಂಡಿಗೆಗಳನ್ನು ಎತ್ತಿನ ಗಾಡಿಗಳೇ ಎಳೆಯಬೇಕು. ಇಂಥ ಪೇಟೆಗೆ ದೊಡ್ಡ ರೈಲು ಹಾಕಿದರೆ ಖರ್ಚು ಹುಟ್ಟುವುದಿಲ್ಲ, ಹಾಕದಿದ್ದರೆ ಪೇಟೆ ಬೆಳೆಯುವುದಿಲ್ಲ. ಅವನು ಕಂಡುಕೊಂಡ ಉತ್ತರ ಸರಳವಾಗಿತ್ತು. ಇಂಜಿನ್ ಇರಲಿ, ಡಬ್ಬಿ ಇರಲಿ, ಯಾವ ಅಚ್ಚಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು. ಭಾರ ಎಲ್ಲ ಅಚ್ಚುಗಳಿಗೂ ಸಮನಾಗಿ ಹಂಚಿಕೆಯಾದರೆ ತೆಳ್ಳಗಿನ ಹಳಿ ಸಾಕು, ಸಣ್ಣ ಸೇತುವೆ ಸಾಕು, ಖರ್ಚೂ ಇಳಿಯುತ್ತದೆ. ಹಾಗಂತ ಎಳೆಯುವ ಬಲ ಕಡಿಮೆಯಾಗಬಾರದು. ಅದಕ್ಕೇ ಲೀಡ್ಸ್ ನಗರದ ಕಿಟ್ಸನ್ ಕಾರ್ಖಾನೆಯಲ್ಲಿ ಎಂಟು ಗಾಲಿಗಳ ಮೇಲೆ ಎಳೆಯುವ ಇಂಜಿನ್ ಮಾಡಿಸಿದ. ಹಡಗಿಗೆ ಏರಿಸುವ ಮೊದಲು ಅಲ್ಲೇ ಪಕ್ಕದ ನ್ಯೂಲೆ ಎಂಬಲ್ಲಿ ಏರು, ಇಳಿಜಾರು, ತಿರುವುಗಳ ಹಳಿ ಹಾಕಿಸಿ, ಇಂಜಿನಿಯರುಗಳನ್ನೆಲ್ಲ ಕರೆದು ಓಡಿಸಿ ತೋರಿಸಿದ. ನಮ್ಮ ಬಾರ್ಶಿಗೆಂದು ಮಾಡಿದ ರೈಲು ಮೊದಲು ಓಡಿದ್ದು ಇಂಗ್ಲೆಂಡಿನ ನೆಲದ ಮೇಲೆ!

ಇಷ್ಟಕ್ಕೇ ಮುಗಿಯಲಿಲ್ಲ. ಬಾರ್ಶಿಯಲ್ಲಿ ಕಲಿತ ಪಾಠವನ್ನು ಅವನು ತನ್ನ ದೇಶಕ್ಕೂ ಒಯ್ದ. 1904ರಲ್ಲಿ ಸ್ಟ್ಯಾಫರ್ಡ್‌ಶೈರ್‌ನಲ್ಲಿ ಲೀಕ್ ಮತ್ತು ಮ್ಯಾನಿಫೋಲ್ಡ್ ಕಣಿವೆಯ ರೈಲು ಓಡಲಾರಂಭಿಸಿತು. ಅದೇ ಎರಡೂವರೆ ಅಡಿ ಹಳಿ, ಅದೇ ಲೆಕ್ಕಾಚಾರ. ಉದ್ದ ಹದಿಮೂರು ಕಿಲೋಮೀಟರ್ ಅಷ್ಟೇ. ಮೂವತ್ತು ವರ್ಷ ಓಡಿ 1934ರಲ್ಲಿ ನಿಂತುಹೋಯಿತು. ಈಗ ಆ ದಾರಿಯಲ್ಲಿ ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಹದಿಮೂರು ಕಿಲೋಮೀಟರಿನ ಆ ರೈಲಿನ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕದ ಮೇಲೆ ಪುಸ್ತಕ ಬಂದಿವೆ. ನಿಲ್ದಾಣಗಳ ನಕ್ಷೆ, ಡಬ್ಬಿಗಳ ಬಣ್ಣ, ಹಾಲಿನ ಸಾಗಣೆ, ಎಲ್ಲವನ್ನೂ ಪ್ರೀತಿಯಿಂದ ಬರೆದಿಟ್ಟಿದ್ದಾರೆ. ಅದಕ್ಕೆ ತಾಯಿಯಾದ, ಮುನ್ನೂರು ಕಿಲೋಮೀಟರ್ ಹಬ್ಬಿದ, ನೂರು ವರ್ಷಕ್ಕೂ ಹೆಚ್ಚು ಕಾಲ ಓಡಿ 2008ರಲ್ಲಿ ಲಾತೂರಿನವರೆಗೂ ಅಗಲವಾದ ನಮ್ಮ ರೈಲಿನ ಮೇಲೆ ಕನ್ನಡದಲ್ಲೂ ಅಂಥ ಪುಸ್ತಕ ಬರಬೇಕು. ಪಂಢರಪುರದ ಜಾತ್ರೆಗೆ ಆ ಡಬ್ಬಿಗಳಲ್ಲಿ ತುಂಬಿ ಹೋದವರಲ್ಲಿ ಕನ್ನಡದವರು ಕಡಿಮೆಯೇ? ಹ್ಯೂ ಹ್ಯೂಸ್ ಎಂಬವರು ಭಾರತದ ಉಗಿಬಂಡಿಗಳ ಮೇಲೆ ನಾಲ್ಕು ಸಂಪುಟ ಬರೆದರು. ಮೂರನೆಯದು ಸಣ್ಣ ಹಳಿಯ ಇಂಜಿನ್‌ಗಳದ್ದು. ಅದನ್ನು ತೆರೆದರೆ ಇಂಜಿನ್‌ಗಳ ಲೆಕ್ಕ ಸಿಗುತ್ತದೆ. ಅವುಗಳಲ್ಲಿ ಕಲ್ಲಿದ್ದಲು ತುಂಬಿದವನ ಬದುಕು ಸಿಗುವುದಿಲ್ಲ. ಅದನ್ನು ಹೊರಗಿನವರು ಬರೆಯಲಾರರು, ನಾವೇ ಬರೆಯಬೇಕು.

ನಮ್ಮ ಸೀಮೆಯ ಗಾಡಿಗಳು ಪುಸ್ತಕ ಸೇರಿದ್ದು ರೈಲಿನಿಂದೀಚೆಗೆ ಎಂದುಕೊಳ್ಳಬೇಡಿ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಭಾಷೆಯಲ್ಲಿ ಒಬ್ಬ ವ್ಯಾಪಾರಿ ಬರೆದಿಟ್ಟ ‘ಪೆರಿಪ್ಲಸ್’ ಎಂಬ ಹೊತ್ತಗೆ ಇದೆ. ಪೈಠಣದಿಂದಲೂ ತಗರದಿಂದಲೂ ಸರಕು ಗಾಡಿಗಳಲ್ಲಿ, ಸರಿಯಾದ ದಾರಿಯೇ ಇಲ್ಲದ ದೊಡ್ಡ ಸೀಮೆಯನ್ನು ದಾಟಿ, ಭರೂಚಿನ ಬಂದರಿಗೆ ಇಳಿಯುತ್ತದೆ ಎನ್ನುತ್ತಾನೆ ಅವನು. ತಗರದಿಂದ ಹೋಗುತ್ತಿದ್ದುದು ಬಟ್ಟೆ. ಆ ತಗರ ಎಂದರೆ ಧಾರಾಶಿವ ಜಿಲ್ಲೆಯ ತೇರ್ ಎಂದು ಗುರುತಿಸಿದವರು ನಮ್ಮ ಕನ್ನಡ ಶಾಸನಗಳಿಗಾಗಿ ದುಡಿದ ಜೆ.ಎಫ್. ಫ್ಲೀಟ್. ಇಲ್ಲಿಂದ ಒಂದು ದಿನದಲ್ಲಿ ಹೋಗಿಬರುವ ಊರು ಅದು. ಅಲ್ಲಿನ ಎತ್ತಿನ ಗಾಡಿಗಳ ಸುದ್ದಿ ರೋಮಿನ ಕಾಲದ ಗ್ರಂಥದಲ್ಲಿದೆ.

ಇನ್ನೊಬ್ಬ ಪಯಣಿಗನನ್ನು ಮಕ್ಕಳಿಗೆ ಪರಿಚಯಿಸಲೇಬೇಕು. ರಷ್ಯಾದ ತ್ವೇರ್ ಊರಿನ ಅಫನಾಸಿ ನಿಕಿತಿನ್. 15ನೆಯ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲಕ್ಕೆ, ಮೂರು ಕಡಲು ದಾಟಿ ಬಂದ. ಮಾರಲೆಂದು ತಂದದ್ದು ಒಂದೇ ಒಂದು ಕುದುರೆ. ಜುನ್ನರಿನಲ್ಲಿ ಅಲ್ಲಿನ ಅಧಿಕಾರಿ ಅದನ್ನು ಕಿತ್ತುಕೊಂಡ, ಆಮೇಲೆ ಹಿಂದಿರುಗಿಸಿದ. ಮಳೆಗಾಲದ ಕೆಸರಲ್ಲಿ ದಾರಿ ಸವೆಸಿ ಬೀದರ್ ಸೇರಿದ. ಆಳಂದದ ಜಾತ್ರೆಯನ್ನೂ ಬರೆದಿದ್ದಾನೆ: ಹತ್ತು ದಿನ ನಡೆಯುವ ಪೇಟೆ, ದೇಶದ ಮೂಲೆಮೂಲೆಯಿಂದ ಬರುವ ವ್ಯಾಪಾರಿಗಳು, ಮಾರಾಟಕ್ಕೆ ಇಪ್ಪತ್ತು ಸಾವಿರ ಕುದುರೆ. ಉಮರ್ಗಾದವರಿಗೆ ಆಳಂದ ಪಕ್ಕದ ಊರು. ಇಂದು ಆ ಕಡೆ ಹೋಗುವಾಗ ಅಷ್ಟು ಕುದುರೆಗಳ ಖುರಪುಟವನ್ನು ಒಮ್ಮೆ ಮನಸ್ಸಿನಲ್ಲಿ ಕೇಳಿಸಿಕೊಳ್ಳಿ. ಆ ಮನುಷ್ಯ ತನ್ನ ಊರು ಮುಟ್ಟಲಿಲ್ಲ, ಸ್ಮೊಲೆನ್ಸ್ಕ್ ಹತ್ತಿರ ಬರುವಾಗ ತೀರಿಕೊಂಡ. ಅವನು ಬರೆದ ಹಾಳೆಗಳು ಮಾತ್ರ ಮಾಸ್ಕೋ ಸೇರಿದವು. ಅವು ಇಲ್ಲದಿದ್ದರೆ ಆಳಂದದ ಆ ಕುದುರೆ ಪೇಟೆಯನ್ನು ನಾವು ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಲಂಬಾಣಿ ತಾಂಡಾಗಳಿಂದ ಬಂದವರೂ ಇಲ್ಲಿದ್ದೀರಿ. ನಿಮ್ಮ ಪೂರ್ವಿಕರ ಹೇರೆತ್ತುಗಳ ಸಾಲನ್ನು ಫ್ರಾನ್ಸಿನ ಪಯಣಿಗ ತಾವೆರ್ನಿಯೆ 17ನೆಯ ಶತಮಾನದಲ್ಲಿ ಕಂಡು ಬೆರಗಾಗಿ ಬರೆದ. ಧಾನ್ಯ, ಉಪ್ಪು ಹೊತ್ತ ಹತ್ತು ಹನ್ನೆರಡು ಸಾವಿರ ಎತ್ತುಗಳು ಒಂದೇ ಸಾಲಿನಲ್ಲಿ! ಎದುರಾದ ಗಾಡಿಯವರು ಅವು ದಾಟುವ ತನಕ ದಿನಗಟ್ಟಲೆ ಕಾಯಬೇಕಾಗುತ್ತಿತ್ತಂತೆ. ದಕ್ಖನಿನ ಸೇನೆಗಳು ಉಂಡದ್ದು ನಿಮ್ಮವರು ಹೊತ್ತು ತಂದ ಜೋಳವನ್ನು.

ಈಗ ಬಸ್ಸಿನ ಮಾತಿಗೆ ಬರುತ್ತೇನೆ, ಏಕೆಂದರೆ ನಿಲಂಗಾದ ನಿಜವಾದ ಚರಿತ್ರೆ ಬಸ್ಸಿನದು. ನಿಜಾಮರ ರೈಲು ವಿಕಾರಾಬಾದಿನಿಂದ ಬೀದರ್, ಭಾಲ್ಕಿ, ಉದಗೀರ್ ಹಿಡಿದು ಪರಳಿಗೆ ಹೋಯಿತು. ನಿಲಂಗಾ ಪಕ್ಕಕ್ಕೆ ಉಳಿಯಿತು. 1932ರ ಜೂನ್ 15ರಂದು ಅದೇ ನಿಜಾಮರ ರೈಲ್ವೆ ತನ್ನ ರಸ್ತೆ ಸಾರಿಗೆ ಇಲಾಖೆಯನ್ನು ತೆರೆಯಿತು. 27 ಬಸ್ಸು, 166 ಕೆಲಸಗಾರರು. ರೈಲು ಮುಟ್ಟದ ಕಡೆ ರೈಲಿನವರೇ ಬಸ್ಸು ಓಡಿಸುವ ಏರ್ಪಾಟು ಅದು. ಇಂದಿನ ನಮ್ಮ ಯೋಜನೆಗಾರರು ಓದಿ ಕಲಿಯಬೇಕಾದ ಏರ್ಪಾಟು. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ಮೂರು ಪಾಲಾದಾಗ ಆ ಸಾರಿಗೆಯೂ ಮೂರು ಪಾಲಾಯಿತು. ಒಂದು ಪಾಲು ಆಂಧ್ರಕ್ಕೆ, ಒಂದು ಮೈಸೂರಿಗೆ, ನಿಮ್ಮದು ಮುಂಬಯಿಗೆ.

ಅಲ್ಲಿಯವರೆಗೆ ನಿಲಂಗಾ, ಉದಗೀರ್, ಅಹ್ಮದಪುರ ತಾಲ್ಲೂಕುಗಳು ಬೀದರ್ ಜಿಲ್ಲೆಯವು. ಕೋರ್ಟು, ಕಚೇರಿ, ಖಟ್ಲೆ ಎಲ್ಲಕ್ಕೂ ಜನ ಮೂಡಣದ ದಾರಿ ಹಿಡಿದು ಬೀದರಿಗೆ ಹೋಗುತ್ತಿದ್ದರು. 1956ರ ನವೆಂಬರ್ ಆದಮೇಲೆ ಅದೇ ಜನ ಪಡುವಣಕ್ಕೆ ತಿರುಗಿ ಉಸ್ಮಾನಾಬಾದಿಗೆ, ಅಂದರೆ ಇಂದಿನ ಧಾರಾಶಿವಕ್ಕೆ, ಹೋಗಬೇಕಾಯಿತು. 1982ರ ಆಗಸ್ಟಿನಲ್ಲಿ ಲಾತೂರು ಜಿಲ್ಲೆಯಾದಾಗ ಮತ್ತೆ ದಿಕ್ಕು ಬದಲಾಯಿತು. ಒಬ್ಬ ಅಜ್ಜಿಯ ಆಯುಷ್ಯದಲ್ಲಿ ಜಿಲ್ಲೆಯ ಊರು ಎರಡು ಸಲ ಬದಲಾಯಿತು. ಅದರ ಹಿಂದೆ ಬಸ್ಸುಗಳು ತಿರುಗಿದವು, ಸಡಕುಗಳು ತಿರುಗಿದವು, ಸಂತೆ, ಸಂಬಂಧ, ಮಕ್ಕಳ ಓದು ಎಲ್ಲವೂ ತಿರುಗಿದವು. ಗಡಿ ನಕ್ಷೆಯ ಮೇಲಿನ ಗೆರೆ ಎಂದು ರಾಜಧಾನಿಯವರು ತಿಳಿಯುತ್ತಾರೆ. ಇಲ್ಲಿಯವರಿಗೆ ಗಡಿ ಎಂದರೆ ಎಷ್ಟು ಹೊತ್ತಿಗೆ ಯಾವ ಕಡೆಯ ಬಸ್ಸಿದೆ ಎಂಬುದು. ಹಳೆಯ ಬಸ್ ವೇಳಾಪಟ್ಟಿಯೊಂದು ಸಿಕ್ಕರೆ ಅದು ನನಗೆ ಶಾಸನದಷ್ಟೇ ದೊಡ್ಡ ದಾಖಲೆ. ಹೆಣ್ಣು ಕೊಟ್ಟು ತಂದ ಊರುಗಳು ಯಾವುವು, ಯಾವ ಆಸ್ಪತ್ರೆಗೆ ಜನ ಹೋಗುತ್ತಿದ್ದರು, ಕನ್ನಡ ಶಾಲೆ ಯಾವ ಊರಲ್ಲಿ ಯಾಕೆ ಉಳಿಯಿತು, ಎಲ್ಲವನ್ನೂ ಅದರಲ್ಲಿ ಓದಬಹುದು.

ಕನ್ನಡದ ಪ್ರವಾಸ ಸಾಹಿತ್ಯ ದೊಡ್ಡದು. ವಿ.ಸೀ. ಅವರ ‘ಪಂಪಾಯಾತ್ರೆ’, ಕಾರಂತರ ‘ಆಬುವಿನಿಂದ ಬರಾಮಕ್ಕೆ’, ‘ಅಪೂರ್ವ ಪಶ್ಚಿಮ’, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕಾದಲ್ಲಿ ಗೊರೂರು’, ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’. ಇವನ್ನು ಓದದ ಮಕ್ಕಳು ಇವತ್ತೇ ಓದಲು ಶುರುಮಾಡಲಿ. ಮರಾಠಿ ಬಲ್ಲವರು 1857ರ ದಂಗೆಯ ನಡುವೆ ಕಾಲ್ನಡಿಗೆಯಲ್ಲಿ ಅಲೆದ ವಿಷ್ಣುಭಟ್ಟ ಗೋಡಸೆಯವರ ‘ಮಾಝಾ ಪ್ರವಾಸ’ ಓದಲಿ. ಆದರೆ ನನ್ನ ಒಂದು ಕೊರಗನ್ನು ಇಲ್ಲಿ ಹೇಳಲೇಬೇಕು. ನಮ್ಮ ಲೇಖಕರು ತಲುಪಿದ ಊರನ್ನು ಕಣ್ಣಿಗೆ ಕಟ್ಟುವಂತೆ ಬರೆದರು. ತಲುಪಿಸಿದ ಗಾಡಿಯನ್ನೂ ಅದನ್ನು ನಡೆಸಿದವನನ್ನೂ ಅಷ್ಟು ಕಾಳಜಿಯಿಂದ ಬರೆದದ್ದು ಕಡಿಮೆ. ಸೋಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದ ಹಡಗು, ಮೋಟಾರು ಎರಡಕ್ಕೂ ಕೈಹಾಕಿ, 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆರೆದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರ್ ದೇಶಕ್ಕೇ ಯಂತ್ರ ಮಾಡಿಕೊಟ್ಟರು. ಮೈಸೂರಿನಲ್ಲಿ 1961ರಿಂದ ಜಾವಾ ಮೋಟಾರ್ ಸೈಕಲ್ ತಯಾರಾಯಿತು. ಇಷ್ಟು ಸಾಮಗ್ರಿ ಇರುವ ನಾಡಿನಲ್ಲಿ ವಾಹನ ಚರಿತ್ರೆಗೆ ಕನ್ನಡದಲ್ಲಿ ಒಂದು ಇಡೀ ಕಪಾಟು ತುಂಬಬೇಕು.

ಬರೆಯುವುದಕ್ಕೆ ಏನಿದೆ ಎಂದು ಕೇಳಬೇಡಿ. ಗಾಲಿಗೆ ಹಳಿ ಕಟ್ಟುವುದನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ. ಬಡಿಗ ಜಾಲಿಯ ಕಟ್ಟಿಗೆಯಲ್ಲಿ ಗಾಲಿ ಮಾಡುತ್ತಾನೆ. ಕಮ್ಮಾರ ಕಬ್ಬಿಣದ ಹಳಿಯನ್ನು ಗಾಲಿಗಿಂತ ಚೂರು ಚಿಕ್ಕದಾಗಿಯೇ ಬೆಸೆಯುತ್ತಾನೆ. ಅದನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ. ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ, ಬಡಿದು, ಕಟ್ಟಿಗೆ ಸುಡುವ ಮೊದಲೇ ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗಿ, ಅರ, ಗುಂಬ ಎಲ್ಲವನ್ನೂ ಬಿಗಿದು ಹಿಡಿಯುತ್ತದೆ. ಮೊಳೆಯ ಕೆಲಸವೇ ಇಲ್ಲ. ಎಷ್ಟು ಚಿಕ್ಕದಾಗಿ ಬೆಸೆಯಬೇಕು ಎಂಬ ಲೆಕ್ಕ ಆ ಕಮ್ಮಾರನ ಕೈಯಲ್ಲಿದೆ, ಪುಸ್ತಕದಲ್ಲಿಲ್ಲ. ಟಯರ್ ಗಾಡಿ ಬಂದ ಮೇಲೆ ಆ ಕುಲುಮೆಗಳು ಆರುತ್ತಿವೆ. ಆ ಕೈಗಳು ಇರುವಾಗಲೇ ಲೆಕ್ಕವನ್ನು ಬರೆದಿಟ್ಟುಕೊಳ್ಳಬೇಕು. ಲಾತೂರಿನಲ್ಲಿ ಈಗ ರೈಲು ಬೋಗಿಯ ಕಾರ್ಖಾನೆ ಎದ್ದಿದೆ. 2020ರ ಡಿಸೆಂಬರಿನಲ್ಲಿ ಅಲ್ಲಿ ಮೊದಲ ಬೋಗಿಯ ಹೊರಮೈ ಸಿದ್ಧವಾಯಿತು. ಅಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಹಳಿ ಕಟ್ಟಿದ ಅಜ್ಜನ ವಿದ್ಯೆಯೂ ಗೊತ್ತಿರಲಿ.

ಅದಕ್ಕೇ ಪ್ರದರ್ಶನ ನಡೆಸುತ್ತಿರುವವರಲ್ಲಿ ಒಂದು ವಿನಂತಿ. ಪುಸ್ತಕಗಳ ಮೇಜಿನ ಪಕ್ಕ ಇನ್ನೊಂದು ಖಾಲಿ ಮೇಜು ಹಾಕಿ. ನೆರೆದ ಬಂಧುಗಳೇ, ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಇರುವ ಹಳೆಯ ಟಿಕೆಟು, ಬಾರ್ಶಿ ಲೈಟ್‌ನ ಪಾಸು, ಲಾರಿಯ ಪರ್ಮಿಟ್ಟು, ಬಸ್ಸಿನ ಮುಂದೆ ನಿಂತು ತೆಗೆಸಿದ ಫೋಟೋ ತಂದು ಆ ಮೇಜಿನ ಮೇಲಿಡಿ, ನಕಲು ಮಾಡಿಸಿಕೊಂಡು ವಾಪಸು ಒಯ್ಯಿರಿ. ಮಕ್ಕಳೇ, ನಿವೃತ್ತರಾದ ಎಸ್‌ಟಿ ಬಸ್ಸಿನ ಡ್ರೈವರು, ಕಂಡಕ್ಟರು ನಿಮ್ಮ ಓಣಿಯಲ್ಲಿ ಇದ್ದೇ ಇರುತ್ತಾರೆ. ಮಾಮಾ, ಮೊದಲ ದಿನ ಯಾವ ದಾರಿಯಲ್ಲಿ ಬಸ್ಸು ಹೊಡೆದಿರಿ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ, ಕನ್ನಡವೋ ಮರಾಠಿಯೋ ಯಾವುದಾದರೂ ಸರಿ. ಮುಂದಿನ ವರ್ಷದ ಪ್ರದರ್ಶನದಲ್ಲಿ ಈ ಸೀಮೆಯವರೇ ಬರೆದ ಒಂದು ಪುಸ್ತಕವಾದರೂ ಈ ಮೇಜಿನ ಮೇಲೆ ಇರಲಿ.

ಪ್ರದರ್ಶನ ಉದ್ಘಾಟನೆಯಾಗಿದೆ. ಒಳಗೆ ಬನ್ನಿ, ಪುಸ್ತಕಗಳನ್ನು ಕೈಗೆತ್ತಿಕೊಂಡು ನೋಡಿ.